ಕಲಾಯಿಯ ಕಾಲದಿಂದ ರಸೀದಿಯ ಕಾಲಕ್ಕೆ

ರಾಜಮಹಾರಾಜರ ಚರಿತ್ರೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿದ್ದೇವೆ. ಆದರೆ ನಮ್ಮ ಅಡಿಗೆಮನೆಯ ತಪ್ಪಲೆಗೂ, ಗೂಡಿನಲ್ಲಿಟ್ಟ ದೀಪಕ್ಕೂ, ಮೂಲೆಯ ಸ್ಟೌವಿಗೂ ಒಂದೊಂದು ಚರಿತ್ರೆಯುಂಟು. ಅವು ಕೆಟ್ಟಾಗ ಸರಿಮಾಡಿಕೊಟ್ಟ ಕೈಗಳಿಗೂ, ಸರಿಮಾಡುವ ನೆಪದಲ್ಲಿ ಗೃಹಸ್ಥನ ಜೇಬಿಗೆ ಕೈಹಾಕಿದವರಿಗೂ ಚರಿತ್ರೆಯುಂಟು. ಇದನ್ನು ಬರೆದಿಟ್ಟವರು ವಿರಳ. ಆದರೆ ತಿಂಗಳ ಸಂಬಳವನ್ನು ಎಣಿಸಿ ಖರ್ಚುಮಾಡುವ ಮನೆಗಳಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಬೇರೊಂದಿಲ್ಲ.

ಈ ವಿಷಯವನ್ನು ನೋಡಲು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂಥ ಊರಿನಿಂದ ಹೊರಡೋಣ. 2007ರವರೆಗೆ ಈ ಸೀಮೆ ಕೋಲಾರ ಜಿಲ್ಲೆಗೆ ಸೇರಿತ್ತು. ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕೇಳಿಬರುವ ಬಯಲುಸೀಮೆ ಇದು. ಹೊಲದಲ್ಲಿ ರಾಗಿ, ತೋಟದಲ್ಲಿ ಹಿಪ್ಪುನೇರಳೆ, ಮನೆಯೊಳಗೆ ರೇಷ್ಮೆಹುಳು. ಇಂಥ ಊರಿನಲ್ಲಿ ಒಂದು ಸಾಮಾನು ಕೆಟ್ಟರೆ ಶಿಡ್ಲಘಟ್ಟಕ್ಕೋ ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಹೊತ್ತುಕೊಂಡು ಹೋಗಬೇಕು. ಅಲ್ಲಿಯೂ ಆಗದಿದ್ದರೆ ಬೆಂಗಳೂರು. ದೂರ ಹೆಚ್ಚಿದಷ್ಟೂ ಕೆಲಸ ನಮ್ಮ ಕಣ್ಣಿಗೆ ಮರೆಯಾಗುತ್ತದೆ. ಕೆಲಸ ಕಣ್ಣಿಗೆ ಮರೆಯಾದಲ್ಲಿ ಮೋಸಕ್ಕೆ ಎಡೆಯಾಗುತ್ತದೆ. ನಾನು ಹೇಳಬೇಕೆಂದಿರುವ ಮಾತಿನ ಸಾರ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಆಯಗಾರರ ಪದ್ಧತಿ ಇತ್ತೆಂಬುದನ್ನು ತಾವು ಕೇಳಿರಬಹುದು. ಕಮ್ಮಾರ, ಬಡಗಿ, ಕುಂಬಾರ, ಅಗಸ ಮೊದಲಾದವರಿಗೆ ಕೆಲಸಕ್ಕಿಷ್ಟು ಎಂದು ಅಂದಂದೇ ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವರವರ ಪಾಲಿನ ಧಾನ್ಯವನ್ನು ಅಳೆದುಕೊಡುತ್ತಿದ್ದರು. ಆ ಪಾಲಿಗೇ ‘ಆಯ’ವೆಂದು ಹೆಸರು. ವರ್ಷವಿಡೀ ನೇಗಿಲು, ಕುಡುಗೋಲು, ಗಾಡಿಗಳ ರಿಪೇರಿ ಅದರಲ್ಲಿ ಸೇರಿತು. ಇಂದಿನ ಕಂಪೆನಿಗಳು ವಾರ್ಷಿಕ ನಿರ್ವಹಣೆಯ ಒಪ್ಪಂದವೆಂದು ಮಾರುವ ಕಾಗದಕ್ಕೂ ಇದಕ್ಕೂ ಬಹಳ ಅಂತರವಿಲ್ಲ.

ಈ ಏರ್ಪಾಟಿನಲ್ಲಿ ಒಂದು ಜಾಣತನವಿತ್ತು. ಕಮ್ಮಾರ ಗುಳವನ್ನು ಚೆನ್ನಾಗಿ ತಟ್ಟಿಕೊಟ್ಟರೆ ಅದು ಮತ್ತೆ ಬೇಗ ಅವನ ಕುಲುಮೆಗೆ ಬರುವುದಿಲ್ಲ. ಅವನಿಗೆ ಶ್ರಮ ಉಳಿಯಿತು. ಕೆಟ್ಟದಾಗಿ ತಟ್ಟಿದರೆ ನಾಳೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡಬೇಕು. ಎಂದರೆ ಒಳ್ಳೆಯ ರಿಪೇರಿಯಿಂದ ರಿಪೇರಿ ಮಾಡುವವನಿಗೇ ಲಾಭ. ಕೆಲಸಕ್ಕಿಷ್ಟು ಕೂಲಿ ಎಂಬ ಪದ್ಧತಿ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಅರೆಬರೆ ಕೆಲಸ ಮಾಡಿದವನಿಗೆ ಗಿರಾಕಿ ಮತ್ತೊಮ್ಮೆ ಬರುತ್ತಾನೆ, ಮತ್ತೊಮ್ಮೆ ಕಾಸು ಕೊಡುತ್ತಾನೆ.

ಹಾಗೆಂದು ಆ ಕಾಲವನ್ನು ಸ್ವರ್ಗವೆಂದು ಹೊಗಳುವುದು ನ್ಯಾಯವಲ್ಲ. ಆಯಗಾರನ ವೃತ್ತಿ ಜಾತಿಗೆ ಅಂಟಿಕೊಂಡಿತ್ತು. ಮಗ ಬೇರೆ ಕಸುಬು ಹಿಡಿಯುವುದು ಸುಲಭವಿರಲಿಲ್ಲ. ಮಳೆ ಹೋದ ವರ್ಷ ಕಣದಲ್ಲಿ ರಾಶಿಯೂ ಇಲ್ಲ, ಆಯವೂ ಇಲ್ಲ. ದೊಡ್ಡ ರೈತ ಕಡಮೆ ಅಳೆದರೆ ಬಡ ಕಮ್ಮಾರ ಯಾರ ಮುಂದೆ ಹೇಳಿಕೊಳ್ಳಬೇಕು? ಮೋಸವೆಂಬುದು ಕೆಲಸಗಾರನಿಂದ ಗಿರಾಕಿಯ ಕಡೆಗೆ ಮಾತ್ರ ಹರಿಯುವ ನೀರಲ್ಲ.

ಅಳತೆಯ ಮಾತು ಬಂದಿತು. ನಮ್ಮ ಹಿರಿಯರು ಮೋಸಹೋದದ್ದೆಲ್ಲ ಹೆಚ್ಚಾಗಿ ಅಳತೆ ತೂಕಗಳಲ್ಲಿಯೇ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ನೋಡಿದ ಫ್ರಾನ್ಸಿಸ್ ಬುಕನನ್, ಒಂದು ಊರಿನ ಸೇರು ಕೊಳಗಗಳಿಗೂ ಇನ್ನೊಂದು ಊರಿನವುಗಳಿಗೂ ಇದ್ದ ವ್ಯತ್ಯಾಸವನ್ನು ತಾಳ್ಮೆಯಿಂದ ಬರೆದಿಟ್ಟಿದ್ದಾನೆ. ಮೈಸೂರಿನಲ್ಲಿ ಕಚ್ಚಾ ಸೇರೆಂದರೆ 24 ತೊಲ. 1939ರ ಕಾನೂನು ಬ್ರಿಟಿಷ್ ಇಂಡಿಯಾಕ್ಕೆ ಗೊತ್ತುಮಾಡಿದ ಸೇರು 80 ತೊಲ. ಇಂದಿನ ಲೆಕ್ಕದಲ್ಲಿ ಮೊದಲನೆಯದು ಸುಮಾರು 280 ಗ್ರಾಂ, ಎರಡನೆಯದು ಸುಮಾರು 933 ಗ್ರಾಂ. ಎರಡರ ಹೆಸರೂ ಸೇರೇ. ಧಾನ್ಯವನ್ನು ಪಾವು, ಅಚ್ಚೇರುಗಳಲ್ಲಿ ಅಳೆಯುವಾಗಲಂತೂ ಕೊಳ್ಳುವವನು ಗೋಪುರದಂತೆ ತುಂಬಿಸುತ್ತಾನೆ, ಮಾರುವವನು ಬಾಯಿಮಟ್ಟಕ್ಕೆ ಕೈಯೆಳೆಯುತ್ತಾನೆ. ಇಬ್ಬರ ನಡುವೆ ಒಂದು ಹಿಡಿ ರಾಗಿಗಾಗಿ ಸಂತೆಯೆಲ್ಲ ಕೇಳುವಂಥ ಜಗಳ.

ಈ ಜಗಳ ನಿನ್ನೆ ಮೊನ್ನೆಯದಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನು ಜಗತ್ತಿಗೆ ಮತ್ತೆ ಕೊಟ್ಟದ್ದು ನಮ್ಮ ಮೈಸೂರೇ ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಅಲ್ಲಿಯ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಓಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚುಹಾಕಿಸಿದರು. ಆ ಗ್ರಂಥದಲ್ಲಿ ತೂಕ ಅಳತೆಗಳಿಗೇ ಒಬ್ಬ ಅಧಿಕಾರಿ, ಅವನು ಪೌತವಾಧ್ಯಕ್ಷ. ನಾಲ್ಕು ತಿಂಗಳಿಗೊಮ್ಮೆ ತೂಕದ ಕಲ್ಲುಗಳಿಗೆ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಕಲ್ಲನ್ನು ಬಳಸಿದವನಿಗೆ ಇಪ್ಪತ್ತೇಳೂಕಾಲು ಪಣ ದಂಡ. ಇನ್ನೂ ಸ್ವಾರಸ್ಯವಾದ ಭಾಗವೆಂದರೆ ಕುಶಲಕರ್ಮಿಗಳನ್ನು ಕುರಿತದ್ದು. ಹೇಳಿದ ದಿನಕ್ಕೆ ಕೆಲಸ ಮುಗಿಸದವನಿಗೆ ಕೂಲಿಯಲ್ಲಿ ಕಾಲುಭಾಗ ಕಡಿತ, ಅದರ ಎರಡರಷ್ಟು ದಂಡ. ಒಗೆಯಲು ಕೊಟ್ಟ ಬಟ್ಟೆಯನ್ನು ಅಗಸ ಬಾಡಿಗೆಗೆ ಕೊಟ್ಟರೆ ಹನ್ನೆರಡು ಪಣ ದಂಡ. ‘ನಾಳೆ ಬನ್ನಿ ಸ್ವಾಮಿ’ ಎಂಬ ಮಾತು ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ತಕ್ಕಡಿಯ ಕಷ್ಟವನ್ನು ಶಿಡ್ಲಘಟ್ಟದ ರೈತನಷ್ಟು ಬಲ್ಲವರು ಕಡಮೆ. ರೇಷ್ಮೆಗೂಡು ಕಾಯುವ ಸರಕಲ್ಲ. ದಿನ ಕಳೆದಂತೆ ಅದರ ತೂಕ ಇಳಿಯುತ್ತದೆ. ಬಿಟ್ಟರೆ ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬರುತ್ತದೆ. ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಅವನು ಹೇಳಿದ ತೂಕ, ಅವನು ಹೇಳಿದ ಬೆಲೆ. 1959ರಲ್ಲಿ ಮೈಸೂರು ರಾಜ್ಯ ರೇಷ್ಮೆಮೊಟ್ಟೆ, ಗೂಡು, ನೂಲುಗಳ ಉತ್ಪಾದನೆ ಮತ್ತು ಮಾರಾಟವನ್ನು ನಿಯಂತ್ರಿಸುವ ಕಾಯಿದೆಯನ್ನು ಮಾಡಿತು. ಸರ್ಕಾರದ ಮಾರುಕಟ್ಟೆಯಲ್ಲಿ ಎಲ್ಲರೆದುರು ಹರಾಜು, ಎಲ್ಲರೆದುರು ತೂಕ ಎಂಬ ಕ್ರಮ ನೆಲೆಗೊಂಡಿತು. ಮೋಸ ಸಂಪೂರ್ಣವಾಗಿ ನಿಂತಿತೆಂದು ಯಾರೂ ಹೇಳಲಾರರು. ಆದರೆ ಮರೆಯಲ್ಲಿ ನಡೆಯುತ್ತಿದ್ದ ವ್ಯವಹಾರ ಬಯಲಿಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಈಗ ಮನೆಯೊಳಕ್ಕೆ ಬರೋಣ. ಹಿತ್ತಾಳೆ ತಾಮ್ರಗಳ ಕಾಲದಲ್ಲಿ ಗೃಹಿಣಿಯರು ಎದುರುನೋಡುತ್ತಿದ್ದವನು ಕಲಾಯಿಯವನು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಸಾರು ಇಟ್ಟರೆ ಕಿಲುಬು ಏಳುತ್ತದೆ, ಹೊಟ್ಟೆ ತೊಳಸುತ್ತದೆ. ಕಲಾಯಿಯವನು ಬೀದಿಯಲ್ಲಿಯೇ ಗುಂಡಿ ತೋಡಿ, ತಿದಿಯೊತ್ತಿ, ಇದ್ದಲು ಕೆಂಡಮಾಡಿ, ಪಾತ್ರೆಯನ್ನು ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಸರಸರನೆ ಒರೆಸಿದನೆಂದರೆ ಕಪ್ಪು ತಪ್ಪಲೆ ಬೆಳ್ಳಿಯಂತೆ ಹೊಳೆಯಿತು. ಸುತ್ತ ಹುಡುಗರ ಗುಂಪು. ಜಗಲಿಯ ಮೇಲೆ ಮನೆಯ ಹಿರಿಯಾಕೆ. ಕೆಲಸವೆಲ್ಲ ಕಣ್ಣೆದುರಿಗೇ.

ಆದರೂ ಅಲ್ಲಿಯೂ ಒಂದು ಮರೆಯಿತ್ತು. ತವರ ದುಬಾರಿ, ಸೀಸ ಅಗ್ಗ. ಕರಗಿದಾಗ ಎರಡೂ ಬೆಳ್ಳಗೇ ಕಾಣುತ್ತವೆ. ತವರಕ್ಕೆ ಸೀಸ ಬೆರೆಸಿ ಬಳಿದರೆ ನೋಡುವವರಿಗೆ ತಿಳಿಯುವುದು ಕಷ್ಟ. ಆದರೆ ಸೀಸ ಮೆಲ್ಲಗೆ ಮೈಸೇರುವ ವಿಷ. ಮಕ್ಕಳಿಗಂತೂ ಬಹಳ ಕೆಡುಕು. ತಿಳಿದವರು ಕಡ್ಡಿಯನ್ನು ಬಿಳಿಯ ಕಾಗದದ ಮೇಲೆ ಗೀರಿ ನೋಡುತ್ತಿದ್ದರು. ಸೀಸ ಹೆಚ್ಚಿದ್ದರೆ ಪೆನ್ಸಿಲಿನಂತೆ ಕಪ್ಪುಗೆರೆ ಬೀಳುತ್ತದೆ. ಇಂದಿಗೂ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಅಟ್ಟದಿಂದಿಳಿಸಿ ಕಲಾಯಿ ಹಾಕಿಸುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಇಲ್ಲಿ ಹೋಗುವುದು ಹಣವೊಂದೇ ಅಲ್ಲ.

ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಗಳು ಬಂದಂತೆ ಕಲಾಯಿಯವನ ಕೂಗು ಬೀದಿಯಲ್ಲಿ ಕ್ಷೀಣಿಸಿತು. ಅವನ ಜಾಗದಲ್ಲಿ ‘ಸ್ಟೌವ್ ರಿಪೇರಿ’ ಎಂಬ ಕೂಗು ಎದ್ದಿತು. ಸೀಮೆಎಣ್ಣೆಯನ್ನು ಆವಿಮಾಡಿ ಉರಿಸುವ ಪಂಪ್ ಸ್ಟೌವನ್ನು 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಎಂಬಾತ ಕಂಡುಹಿಡಿದ. ಪ್ರೈಮಸ್ ಎಂಬ ಅದರ ಹೆಸರು ನಮ್ಮ ಮನೆಗಳಲ್ಲಿ ಸ್ಟೌವಿಗೇ ಪರ್ಯಾಯ ನಾಮವಾಯಿತು. ಹೊಗೆಯಿಲ್ಲದ ಒಲೆ ಎಂದು ಹೆಂಗಸರು ಹರಸಿದರು. ಆದರೆ ಅದರ ಜೀವ ಕೂದಲೆಳೆಯಷ್ಟು ಸಣ್ಣ ತೂತೊಂದರಲ್ಲಿದೆ. ದಪ್ಪ ಪಿನ್ನು ಹಾಕಿ ಚುಚ್ಚಿದರೆ ತೂತು ಹಿಗ್ಗಿ ನೀಲಿ ಉರಿ ಹೋಗಿ ಹಳದಿ ಉರಿ, ಮಸಿ ಬರುತ್ತವೆ. ಪಂಪಿನೊಳಗಿನ ಚರ್ಮದ ವಾಷರು ಒಣಗಿದರೆ ಗಾಳಿ ನಿಲ್ಲುವುದಿಲ್ಲ. ನಾಲ್ಕು ತೊಟ್ಟು ಕೊಬ್ಬರಿಎಣ್ಣೆ ಬಿಟ್ಟು ಅದನ್ನು ಮೆತ್ತಗೆ ಮಾಡಿದರೆ ಸಾಕು. ಇದನ್ನು ಅರಿಯದ ಮನೆಯಲ್ಲಿ ರಿಪೇರಿಯವನು ‘ಪಂಪೇ ಹೋಗಿದೆಯಮ್ಮ’ ಎಂದರೆ ಪಂಪಿನ ಬೆಲೆಯನ್ನು ತೆರಬೇಕಾಯಿತು. ಅವನು ಗಳಿಸಿದ್ದು ಕೆಲಸದ ಕೂಲಿಯನ್ನಲ್ಲ, ನಮ್ಮ ಅಜ್ಞಾನದ ತೆರಿಗೆಯನ್ನು.

ಇನ್ನು ರೇಡಿಯೋ. ಈ ಪತ್ರಿಕೆಯ ಓದುಗರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. 1935ರ ಸೆಪ್ಟೆಂಬರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಹೆಸರಾಯಿತು. 1955ರ ನವೆಂಬರಿನಲ್ಲಿ ಬೆಂಗಳೂರು ನಿಲಯ ಬಂದಿತು. ಆಗ ವಾಲ್ವ್ ರೇಡಿಯೋ ಒಂದು ಮನೆಯ ಆಸ್ತಿ. ಲೈಸೆನ್ಸ್ ಬೇಕು, ಏರಿಯಲ್ ಕಟ್ಟಬೇಕು, ಗುಂಡಿ ತಿರುಗಿಸಿ ವಾಲ್ವ್ ಕಾಯುವವರೆಗೆ ಕಾದು ಕೂರಬೇಕು. ಅದು ಮೂಕವಾದಾಗ ಮನೆಗೆಲ್ಲ ಸೂತಕದ ಮೌನ.

ಗೃಹೋಪಕರಣಗಳ ಚರಿತ್ರೆಯಲ್ಲಿ ರೇಡಿಯೋ ಒಂದು ತಿರುವು. ಕಲಾಯಿ, ಸಾಣೆ, ಸ್ಟೌವುಗಳ ಕೆಲಸವನ್ನು ಎದುರಿಗೆ ಕುಳಿತು ನೋಡಬಹುದಾಗಿತ್ತು. ರೇಡಿಯೋವನ್ನು ಅಂಗಡಿಯಲ್ಲಿ ಬಿಟ್ಟುಬರಬೇಕು. ಹಿಂದಿನ ಹಲಗೆಯನ್ನು ತೆಗೆದರೂ ಒಳಗಿರುವುದು ನಮಗೆ ತಿಳಿಯದ ಲೋಕ. ಕಳಚಿದ್ದು ಒಂದು ಬೆಸುಗೆಯೋ, ಸುಟ್ಟದ್ದು ಒಂದು ವಾಲ್ವೋ ನಾವು ಹೇಳಲಾರೆವು. ಗಟ್ಟಿ ವಾಲ್ವನ್ನು ತೆಗೆದುಕೊಂಡು ಹಳೆಯದನ್ನು ಕೂರಿಸಿದರೂ ತಿಳಿಯದು. ಇಲ್ಲಿಂದ ಮುಂದಕ್ಕೆ ಟೆಲಿವಿಷನ್, ರೆಫ್ರಿಜರೇಟರ್, ಮೊಬೈಲ್ ಫೋನುಗಳವರೆಗೆ ಪ್ರತಿಯೊಂದು ಪೆಟ್ಟಿಗೆಯೂ ಹಿಂದಿನದಕ್ಕಿಂತ ಹೆಚ್ಚು ಮುಚ್ಚಿಕೊಂಡಿದೆ.

ಮೋಸ ಬೀದಿಯವನಿಂದಲೇ ಬರುತ್ತದೆಂದು ಭಾವಿಸುವುದೂ ತಪ್ಪು. 1924ರಲ್ಲಿ ಜಿನೀವಾದಲ್ಲಿ ಲೋಕದ ದೊಡ್ಡ ದೊಡ್ಡ ವಿದ್ಯುದ್ದೀಪ ತಯಾರಕರು ಸೇರಿ ಫೀಬಸ್ ಎಂಬ ಕೂಟವನ್ನು ಕಟ್ಟಿದರು. ಬಲ್ಬು ಸುಮಾರು 1000 ಗಂಟೆಗಳಿಗಿಂತ ಹೆಚ್ಚು ಬಾಳದಂತೆ ಮಾಡಬೇಕೆಂದು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡರು. ಹೆಚ್ಚು ಬಾಳುವ ಬಲ್ಬು ಮಾಡಿದ ಕಂಪೆನಿಗೆ ದಂಡವನ್ನೂ ಇಟ್ಟರು! ಬಲ್ಬು ಏಕೆ ಬೇಗ ಹೋಯಿತೆಂದು ಮೂಲೆಯಂಗಡಿಯವನನ್ನು ಬೈದ ಗೃಹಸ್ಥರಿಗೆ ಜಿನೀವಾದ ಕೋಣೆಯಲ್ಲಿ ನಡೆದದ್ದು ಹೇಗೆ ತಿಳಿಯಬೇಕು?

ಇಷ್ಟೆಲ್ಲ ಮರೆಗಳನ್ನು ಒಬ್ಬೊಬ್ಬ ಗೃಹಸ್ಥನೂ ಒಂಟಿಯಾಗಿ ಭೇದಿಸಲಾರ. ಆದುದರಿಂದಲೇ ಸ್ವತಂತ್ರ ಭಾರತ ಕಣ್ಣಿಗೆ ಬದಲಾಗಿ ಮೊದಲು ಮುದ್ರೆಯನ್ನು ಕೊಟ್ಟಿತು. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿತು. 1952ರ ಕಾಯಿದೆಯಿಂದ ಐಎಸ್‌ಐ ಗುರುತು ಬಂದಿತು. ಆ ಸಂಸ್ಥೆ 1987ರಲ್ಲಿ ಮಾನಕ ಬ್ಯೂರೋ ಆಯಿತಾದರೂ ಗುರುತು ಹಾಗೆಯೇ ಉಳಿದಿದೆ. 1956ರ ಕಾಯಿದೆ ದೇಶಕ್ಕೆಲ್ಲ ಒಂದೇ ತೂಕ ಅಳತೆಯನ್ನು ಗೊತ್ತುಮಾಡಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. 1962ರ ಏಪ್ರಿಲ್ ಹೊತ್ತಿಗೆ ಸೇರು, ಮಣ ಹೋಗಿ ಕಿಲೋಗ್ರಾಂ ಬಂದಿತು. ಬದಲಾವಣೆಯ ಕಾಲದಲ್ಲಿ ಹೊಸ ಕಷ್ಟಗಳೂ ಇದ್ದವು. ಒಂದಾಣೆಗೆ 6 ನಯಾ ಪೈಸೆ, ನಾಲ್ಕಾಣೆಗೆ 25. ನಾಲ್ಕು ಸಲ ಒಂದೊಂದಾಣೆ ಎಂದರೆ 24 ಮಾತ್ರ! ಆ ಒಂದು ಪೈಸೆ ಯಾರ ಜೇಬಿಗೆ ಎಂಬ ಚರ್ಚೆ ಅಂಗಡಿಗಳಲ್ಲಿ ನಡೆಯದೆ ಇರಲಿಲ್ಲ. ಆದರೂ ದಿಬ್ಬೂರಹಳ್ಳಿಯ ಕಿಲೋ ಮತ್ತು ದೆಹಲಿಯ ಕಿಲೋ ಒಂದೇ ಆದದ್ದು ಸದ್ದಿಲ್ಲದೆ ನಡೆದ ಕ್ರಾಂತಿ.

ಮುದ್ರೆ ಹೊಸ ಸಾಮಾನಿಗೆ ಸಾಕಾಯಿತು, ರಿಪೇರಿಗೆ ಸಾಲದು. ರಿಪೇರಿಗೆ ಬೇಕಾದದ್ದು ಕಾಗದ. 1986ರ ಡಿಸೆಂಬರ್ 24ರಂದು ಗ್ರಾಹಕರ ರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಗೀಕಾರ ದೊರೆಯಿತು. ಸರಕಿನ ದೋಷದಂತೆ ಸೇವೆಯ ಕೊರತೆಯೂ ದೂರಿಗೆ ವಿಷಯವಾಯಿತು. 2019ರ ಹೊಸ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಅದರಲ್ಲಿ ಎರಡು ಅಂಶಗಳನ್ನು ತಾವು ಗಮನಿಸಬೇಕು. ಸರಕಿಗಾಗಲಿ ಸೇವೆಗಾಗಲಿ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೂರನ್ನು ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಬೊಂಬಾಯಿಯ ಕಂಪೆನಿಯ ಮೇಲೆ ದೂರಲು ಬೊಂಬಾಯಿಗೆ ಹೋಗಬೇಕಾಗಿಲ್ಲ. ತೆತ್ತ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಎಂಬ ತಾಣವನ್ನು ತೆರೆದು, ತಯಾರಕರು ರಿಪೇರಿಯ ವಿವರಗಳನ್ನು ಅಲ್ಲಿ ಗ್ರಾಹಕರಿಗೆ ತಿಳಿಸುವಂತೆ ಏರ್ಪಾಡು ಮಾಡಿತು. ಮುಚ್ಚಿದ ಪೆಟ್ಟಿಗೆಯನ್ನು ತೆರೆಸುವ ಪ್ರಯತ್ನವಿದು.

ಕಾಯಿದೆ ಎಷ್ಟಿದ್ದರೂ ಬಾಗಿಲಲ್ಲಿ ನಿಂತು ಕೇಳಬೇಕಾದವರು ನಾವೇ. ನಿತ್ಯದ ಎರಡು ಉದಾಹರಣೆಗಳನ್ನು ನೋಡಿ. ಮಿಕ್ಸಿ ತಿರುಗದಿದ್ದರೆ ‘ಮೋಟಾರ್ ಸುಟ್ಟಿದೆ’ ಎನ್ನುತ್ತಾರೆ. ನಿಜವಿರಬಹುದು. ಅದರೊಳಗಿನ ಕಾರ್ಬನ್ ಬ್ರಷ್ ಎಂಬ ಅಗ್ಗದ ತುಂಡು ಸವೆದಿರಲೂಬಹುದು. ‘ಬ್ರಷ್ ನೋಡಿದಿರಾ?’ ಎಂಬ ಒಂದು ಪ್ರಶ್ನೆ ನೂರಾರು ರೂಪಾಯಿ ಉಳಿಸೀತು. ಇನ್ನು, ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಈ ಸೀಮೆಯಲ್ಲಿ ಪಂಪಿನ ಮೋಟಾರಿಗೆ ಹೊಸ ಸುರುಳಿ ಸುತ್ತಿಸುವ ಖರ್ಚು ರೈತನ ಬೆನ್ನೆಲುಬನ್ನೇ ಮುರಿಯುತ್ತದೆ. ತಾಮ್ರದ ತಂತಿಯ ಬೆಲೆ ಹಿಡಿದು ಅಲ್ಯೂಮಿನಿಯಂ ಸುತ್ತಿದರೆ ಮೋಟಾರು ಬೇಗ ಕಾದು ಮತ್ತೆ ಸುಡುತ್ತದೆ. ಯಾವ ಲೋಹ, ಎಷ್ಟು ತೂಕ ಎಂಬುದನ್ನು ಬಿಲ್ಲಿನಲ್ಲಿ ಬರೆಸಬೇಕು. ಬಿಚ್ಚಿದ ಹಳೆಯ ತಾಮ್ರಕ್ಕೂ ಗುಜರಿಯಲ್ಲಿ ಬೆಲೆಯುಂಟು; ಅದನ್ನು ತೂಗಿಸಿ ವಾಪಸು ಪಡೆಯಬೇಕು, ಇಲ್ಲವೆ ಕೂಲಿಯಲ್ಲಿ ಮುರಿಸಿಕೊಳ್ಳಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯುವ ರೂಢಿ ಎಲ್ಲ ರಿಪೇರಿಗೂ ಒಳ್ಳೆಯದು. ಅಂದಾಜು ಖರ್ಚನ್ನು ಮೊದಲೇ ಬರೆಸಿಕೊಳ್ಳುವುದೂ ಹಾಗೆಯೇ.

ಹೊಸದೊಂದು ಮೋಸವೂ ಬಂದಿದೆ. ರೆಫ್ರಿಜರೇಟರ್ ಕೆಟ್ಟಾಗ ಕಂಪೆನಿಯ ಸಹಾಯವಾಣಿಯನ್ನು ಅಂತರಜಾಲದಲ್ಲಿ ಹುಡುಕುತ್ತೇವೆ. ಅಲ್ಲಿ ವಂಚಕರು ತಮ್ಮದೇ ನಂಬರನ್ನು ಇಟ್ಟಿರುತ್ತಾರೆ. ಸವಿಮಾತಿನಿಂದ ಓಟಿಪಿ ಕೇಳುತ್ತಾರೆ; ಇಲ್ಲವೆ ಫೋನಿಗೆ ಒಂದು ಆ್ಯಪ್ ಹಾಕಿಸಿ ಬ್ಯಾಂಕಿನ ಹಣವನ್ನೇ ಎಳೆಯುತ್ತಾರೆ. ನಂಬರನ್ನು ಬಿಲ್ಲಿನಿಂದಲೋ ವಾರಂಟಿ ಕಾರ್ಡಿನಿಂದಲೋ ತೆಗೆದುಕೊಳ್ಳಿ. ಹಣ ಹೋದರೆ ತಡಮಾಡದೆ 1930ಕ್ಕೂ, ಸರಕು ಸೇವೆಗಳ ದೂರಿಗೆ 1915ಕ್ಕೂ ಕರೆಮಾಡಬಹುದು.

ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಬೋಧಿಸಿದರು. ಆ ಮಾತನ್ನು ವಿಜ್ಞಾನದ ತರಗತಿಯಿಂದ ರಿಪೇರಿಯ ಅಂಗಡಿಗೂ ತರಬಹುದು. ಪ್ರಶ್ನೆ ಕೇಳುವುದು ಅವಿಶ್ವಾಸವಲ್ಲ. ಪ್ರಾಮಾಣಿಕ ಕೆಲಸಗಾರ ಪ್ರಶ್ನೆಗೆ ಹೆದರುವುದಿಲ್ಲ. ತನ್ನ ವಿದ್ಯೆಯನ್ನು ತೋರಿಸಲು ಅವನಿಗೆ ಅದೊಂದು ಅವಕಾಶ. ಅವನು ಕೇಳಿದ ನ್ಯಾಯವಾದ ಕೂಲಿಯಲ್ಲಿ ನಾವು ಚೌಕಾಸಿ ಮಾಡಿ ಅರ್ಧ ಇಳಿಸಿದರೆ, ಆ ಅರ್ಧವನ್ನು ಅವನು ಅಗ್ಗದ ತಂತಿಯಲ್ಲಿ, ಹಳೆಯ ಭಾಗದಲ್ಲಿ ತುಂಬಿಕೊಳ್ಳುವ ಒತ್ತಡಕ್ಕೆ ಸಿಕ್ಕುತ್ತಾನೆ. ಕಣದಲ್ಲಿ ಕಡಮೆ ಅಳೆದ ಹಿಂದಿನ ರೈತನಿಗೂ ನಮಗೂ ಆಗ ಏನು ವ್ಯತ್ಯಾಸ?

ತೂಕಕ್ಕೆ ಮುದ್ರೆ, ಕೆಲಸಕ್ಕೆ ರಸೀದಿ, ಕೈಗೆ ತಕ್ಕ ಕೂಲಿ. ಈ ಮೂರೂ ಇದ್ದಲ್ಲಿ ದಿಬ್ಬೂರಹಳ್ಳಿಯಾದರೇನು, ಬೆಂಗಳೂರಾದರೇನು, ಗೃಹಸ್ಥನೂ ಕೆಲಸಗಾರನೂ ಒಬ್ಬರ ಮುಖವನ್ನೊಬ್ಬರು ನೇರವಾಗಿ ನೋಡಿ ಮಾತನಾಡಬಹುದು.